ಹ್ರಸ್ವ ಎ ಎಲ್ಲಿಗೆ ಹೋಯಿತು?

ನನಗಾಗ ಎಂಟು ವರ್ಷ. ಅಣ್ಣ ಸಂಸ್ಕೃತ ಹೇಳಿಕೊಡಲು ಕೂತಿದ್ದರು. (ನಮ್ಮ ಮನೆಯಲ್ಲಿ ಅಪ್ಪನನ್ನು ಕರೆಯುವುದೇ ಅಣ್ಣ ಎಂದು.) ಸ್ಲೇಟಿನ ಮೇಲೆ ಅಕಾರದಿಂದ ಔಕಾರದವರೆಗೆ ಬರೆದು ತೋರಿಸಿದೆ. ಅವರು ಒದ್ದೆ ಬಟ್ಟೆ ತೆಗೆದುಕೊಂಡು ಎರಡು ಅಕ್ಷರ ಒರೆಸಿದರು. ಎ ಹೋಯಿತು, ಒ ಹೋಯಿತು. "ಸಂಸ್ಕೃತದಲ್ಲಿ ಇವೆರಡು ಇಲ್ಲ ಪುಟ್ಟಿ. ಏ ಇದೆ, ಓ ಇದೆ. ಹ್ರಸ್ವ ಇಲ್ಲ" ಎಂದರು. ಎಲೆ, ಎಮ್ಮೆ, ಒಲೆ, ಒಂಟೆ ಎನ್ನಲು ಬಾರದ ಭಾಷೆಯೂ ಇರುತ್ತದೆಯೇ ಎಂದು ನನಗೆ ನಿಜವಾಗಿಯೂ ಬೇಸರವಾಗಿತ್ತು. "ಮೊದಲಿಂದಲೂ ಇರಲಿಲ್ವಾ ಅಣ್ಣ?" ಎಂದೆ. "ಮೊದಲಿಂದಲೂ ಇಲ್ಲ" ಎಂದರು.

ಮೂವತ್ತು ವರ್ಷ ಕಳೆದ ಮೇಲೆ ಆ ಪ್ರಶ್ನೆಗೆ ಬೇರೊಂದು ಉತ್ತರ ಸಿಕ್ಕಿತು. ಸಿಕ್ಕಿದ್ದು ಕಾಶಿಯಲ್ಲಲ್ಲ, ಶೃಂಗೇರಿಯಲ್ಲಲ್ಲ, ಫಿನ್ಲೆಂಡಿನಲ್ಲಿ.

ಕೆಲಸದ ಮೇಲೆ ಎಸ್ಪೊ ಊರಿಗೆ ಬಂದು ನೆಲೆಸಿದ ಮೊದಲ ವರ್ಷ ಸಂಜೆ ಹೊತ್ತು ಫಿನ್ನಿಶ್ ತರಗತಿಗೆ ಹೋಗುತ್ತಿದ್ದೆ. ಅಂಕಿಗಳ ಪಾಠದ ದಿನ ಟೀಚರ್ ಹಲಗೆಯ ಮೇಲೆ ಎರಡು ಪದ ಬರೆದರು. ಒಂದು ಸತ, ಇನ್ನೊಂದು ಸತಾ. ಮೊದಲನೆಯದು ನೂರು. ಎರಡನೆಯದು, ಕೊನೆಯ ಸ್ವರ ಎಳೆದರೆ, ಮಳೆ ಬರುತ್ತಿದೆ ಎಂದರ್ಥ. ತರಗತಿಯಲ್ಲಿದ್ದ ಬೇರೆ ದೇಶದವರಿಗೆ ಈ ಹ್ರಸ್ವ ದೀರ್ಘದ ವ್ಯತ್ಯಾಸವೇ ಕಷ್ಟವಾಗಿತ್ತು. ಕಡಿ, ಕಾಡಿ, ಕಡ್ಡಿ ಎಂದು ಬೆಳೆದವಳಿಗೆ ಅದು ತೊಡಕಾಗಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊದಲ ಪದ. ಸತ ಎಂದರೆ ನೂರು. ಶತ ಎಂದರೆ ನೂರು.

ಕಾಕತಾಳೀಯ ಇರಬಹುದು ಎಂದುಕೊಂಡೆ. ಫಿನ್ನಿಶ್ ನಮ್ಮ ಸಂಸ್ಕೃತದ ಕಡೆಯ ಭಾಷೆಯಲ್ಲ, ಇಂಗ್ಲಿಷು ರಷ್ಯನ್ನುಗಳ ಕಡೆಯದೂ ಅಲ್ಲ. ಅದು ಯುರಾಲಿಕ್ ಎಂಬ ಬೇರೆಯೇ ಮನೆತನ. ಹಂಗೇರಿಯನ್, ಎಸ್ಟೋನಿಯನ್, ಉತ್ತರ ತುದಿಯ ಸಾಮಿ, ವೋಲ್ಗಾ ನದಿಯ ಆಸುಪಾಸಿನ ಎರ್ಜ಼್ಯಾ, ಮೋಕ್ಷಾ, ಮಾರಿ, ಇನ್ನೂ ಆಚೆಗೆ ಉದ್ಮುರ್ತ್, ಕೋಮಿ, ಯುರಾಲ್ ಬೆಟ್ಟ ದಾಟಿದರೆ ಖಾಂತಿ, ಮಾನ್ಸಿ. ಕನ್ನಡಕ್ಕೂ ಸಂಸ್ಕೃತಕ್ಕೂ ಹುಟ್ಟಿನ ಸಂಬಂಧ ಹೇಗೆ ಇಲ್ಲವೋ ಫಿನ್ನಿಶ್‌ಗೂ ಹಾಗೆಯೇ ಇಲ್ಲ. ಆದರೂ ಸತ ಬಂದು ಕೂತಿದೆ. ಎರ್ಜ಼್ಯಾದಲ್ಲಿ ಶದೊ, ಹಂಗೇರಿಯನ್ನಿನಲ್ಲಿ ಸಾಜ಼್, ಕೋಮಿಯಲ್ಲಿ ಶೊ, ಉದ್ಮುರ್ತ್‌ನಲ್ಲಿ ಶು.

ಇದು ನೆಂಟಸ್ತಿಕೆಯಲ್ಲ, ಎರವಲು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಯುರಾಲ್ ಬೆಟ್ಟದ ದಕ್ಷಿಣ ಅಂಚಿನ ಹುಲ್ಲುಗಾವಲಿನಲ್ಲಿ ಕುದುರೆ ದನ ಸಾಕಿಕೊಂಡಿದ್ದ, ಸಂಸ್ಕೃತ ಮತ್ತು ಇರಾನಿ ಭಾಷೆಗಳ ಪೂರ್ವರೂಪವನ್ನು ಆಡುತ್ತಿದ್ದ ಜನ ಒಂದು ಕಡೆ. ಅವರ ಉತ್ತರಕ್ಕೆ ಕಾಡಿನಲ್ಲಿ ಬೇಟೆ ಮೀನುಗಾರಿಕೆ ಮಾಡಿಕೊಂಡಿದ್ದ ಯುರಾಲಿಕ್ ಜನ ಇನ್ನೊಂದು ಕಡೆ. ಇಂದಿನ ರಷ್ಯಾದ ಚೆಲ್ಯಾಬಿನ್ಸ್ಕ್ ಪ್ರಾಂತ್ಯದ ಸಿಂತಾಷ್ಟಾ ಎಂಬಲ್ಲಿ ಕ್ರಿ.ಪೂ. 2000ದ ಆಸುಪಾಸಿನ ಗೋರಿಗಳಲ್ಲಿ ಅರಗಳಿರುವ (ಕಡ್ಡಿಗಳಿರುವ) ಚಕ್ರಗಳ ರಥ ಸಿಕ್ಕಿದೆ. ಅಲ್ಲಿಗೆ ದೂರವಲ್ಲದ ಅರ್ಕಾಯಿಮ್ ಎಂಬ ವೃತ್ತಾಕಾರದ ಕೋಟೆ ಊರು 1987ರಲ್ಲಿ ಬೆಳಕಿಗೆ ಬಂತು. ಆ ಹುಲ್ಲುಗಾವಲಿಗೂ ಕಾಡಿಗೂ ನಡುವಿನ ಅಂಚಿನಲ್ಲಿ ಪದಗಳು ಕೈ ಬದಲಾಯಿಸಿದವು: ನೂರು, ಜೇನು, ಸುತ್ತಿಗೆ, ದಬ್ಬಳ, ಹಂದಿಮರಿ, ಬೆಲೆ.

ಆದರೆ ನನ್ನ ಪ್ರಶ್ನೆ ಸ್ವರದ್ದು. ಅದಕ್ಕೆ ಬರುತ್ತೇನೆ.

ಆ ಸಂಜೆ ಟೀಚರ್ ನನ್ನ ಸತವನ್ನು ತಿದ್ದಿದರು. ನನ್ನ ಅ ಅವರಿಗೆ ಸಾಲದು. ಬಾಯಿ ಇನ್ನೂ ತೆರೆಯಬೇಕು, ನಮ್ಮ ಆಕಾರಕ್ಕೆ ತೆರೆದಷ್ಟು ತೆರೆದು, ಎಳೆಯದೆ ನಿಲ್ಲಿಸಬೇಕು. ನಾವು ಕನ್ನಡಿಗರು ಅ ಎನ್ನುವಾಗ ಬಾಯಿ ಅರ್ಧ ಮುಚ್ಚಿರುತ್ತದೆ. ಆ ಎನ್ನುವಾಗ ಉದ್ದ ಮಾತ್ರವಲ್ಲ, ಬಾಯಿಯ ಆಕಾರವೇ ಬೇರೆ. ನಾನು ಜೀವನಪೂರ್ತಿ ಮಾಡುತ್ತಿದ್ದ ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಪಾಣಿನಿಗೆ ಗೊತ್ತಿತ್ತು. ಅಷ್ಟಾಧ್ಯಾಯಿಯ ಕಟ್ಟಕಡೆಯ ಸೂತ್ರ ಎರಡೇ ಅಕ್ಷರ: ಅ ಅ. ವ್ಯಾಕರಣದ ಕೆಲಸ ನಡೆಯಲು ಇಡೀ ಗ್ರಂಥದ ಉದ್ದಕ್ಕೂ ಅಕಾರವನ್ನು ಆಕಾರದ ಹಾಗೆ ತೆರೆದ ಸ್ವರ ಎಂದು ಇಟ್ಟುಕೊಂಡಿದ್ದೆವು, ಈಗ ಅದನ್ನು ಅದರ ನಿಜವಾದ ಮುಚ್ಚಿದ ಉಚ್ಚಾರಕ್ಕೆ ಮರಳಿಸುತ್ತೇವೆ ಎಂದು ಅದರ ಅರ್ಥ. ಸುಮಾರು ನಾಲ್ಕು ಸಾವಿರ ಸೂತ್ರಗಳ ಕೊನೆಗೆ, ಇಷ್ಟು ಸಣ್ಣ ಸ್ವರವನ್ನು ನೆನಪಿಟ್ಟುಕೊಂಡು, ಅದರ ಋಣ ತೀರಿಸಿ ಎದ್ದು ಹೋಗುತ್ತಾರೆ. ಈ ಬರಹ ಆ ಒಂದು ಸ್ವರದ ಚರಿತ್ರೆಯೂ ಹೌದು.

ಸಂಸ್ಕೃತದ ಅಕಾರ ಒಂದೇ ಸ್ವರವಲ್ಲ, ಅ, ಎ, ಒ ಎಂಬ ಮೂರು ಸ್ವರಗಳ ಸಮಾಧಿ. ಇದನ್ನು ನಂಬಲು ಗೋಡೆಯ ಕ್ಯಾಲೆಂಡರ್ ನೋಡಿದರೆ ಸಾಕು. ಹಳೆಯ ರೋಮನ್ ಲೆಕ್ಕದಲ್ಲಿ ಏಳನೇ ತಿಂಗಳು ಸೆಪ್ಟೆಂಬರ್, ನಮ್ಮ ಸಪ್ತ. ಎಂಟನೆಯದು ಅಕ್ಟೋಬರ್, ಲ್ಯಾಟಿನ್‌ನಲ್ಲಿ ಎಂಟು ಎಂದರೆ ಒಕ್ಟೊ, ನಮ್ಮ ಅಷ್ಟ. ಹತ್ತನೆಯದು ಡಿಸೆಂಬರ್, ಲ್ಯಾಟಿನ್‌ನ ದೆಕೆಂ, ನಮ್ಮ ದಶ. ಅಲ್ಲಿ ಎ ಇರುವಲ್ಲಿ ನಮ್ಮದು ಅ. ಅಲ್ಲಿ ಒ ಇರುವಲ್ಲೂ ಅ. ಹತ್ತೊಂಬತ್ತನೇ ಶತಮಾನದ ಬಹುಪಾಲು ಯುರೋಪಿನ ಪಂಡಿತರು ಸಂಸ್ಕೃತದ ಅ ಮೂಲದ್ದು, ಗ್ರೀಕು ಲ್ಯಾಟಿನ್‌ಗಳೇ ಅದನ್ನು ಎ, ಒ ಎಂದು ಒಡೆದುಕೊಂಡವು ಎಂದು ನಂಬಿದ್ದರು. 1868ರಲ್ಲಿ ಜರ್ಮನಿಯ ಭಾಷಾ ವಿದ್ವಾಂಸ ಶ್ಲೈಶರ್, ಸಂಸ್ಕೃತ ಗ್ರೀಕು ಲ್ಯಾಟಿನ್‌ಗಳಿಗೆಲ್ಲ ತಾಯಿಯಾದ ಮೂಲ ಭಾಷೆಯಲ್ಲಿ ಒಂದು ಪುಟ್ಟ ಕುರಿಯ ಕಥೆ ಕಟ್ಟಿದಾಗ ಅದರ ತುಂಬ ಅಕಾರಗಳೇ ಇದ್ದವು. 1870ರ ದಶಕದ ಕೊನೆಯ ಹೊತ್ತಿಗೆ ಹಲವರು, ಬೇರೆ ಬೇರೆ ಕಡೆ ಕೂತು, ಹೆಚ್ಚುಕಡಿಮೆ ಒಟ್ಟಿಗೇ ಇದು ತಿರುವುಮುರುವು ಎಂದು ಕಂಡುಕೊಂಡರು.

ಅವರು ಹಿಡಿದ ಜಾಡು ಕನ್ನಡ ಬಲ್ಲವರಿಗೆ ಬಾಯಲ್ಲೇ ಇದೆ. ನಮ್ಮ ಕಿವಿ ತಮಿಳಿನಲ್ಲಿ ಚೆವಿ. ನಮ್ಮ ಹಳೆಯ ಗೆಯ್, ತಮಿಳಿನ ಚೆಯ್. ನಮ್ಮ ಕೆರೆ, ತೆಲುಗಿನ ಚೆರುವು. ಎ, ಇ ಸ್ವರಗಳು ನಾಲಗೆಯನ್ನು ಮುಂದಕ್ಕೆ ಎಳೆಯುತ್ತವೆ. ಅವುಗಳ ಹಿಂದೆ ನಿಂತ ಕಕಾರ ಕಾಲಾಂತರದಲ್ಲಿ ಜಾರಿ ಚಕಾರವಾಗುತ್ತದೆ. ತಮಿಳು, ತೆಲುಗುಗಳಲ್ಲಿ ಜಾರಿತು, ಕನ್ನಡದಲ್ಲಿ ನಿಂತಿತು. ಇದೇ ಜಾರಾಟ ಸಂಸ್ಕೃತದಲ್ಲೂ ಆಗಿದೆ. ಯಾರು ಎನ್ನಲು ಕಃ, ಮತ್ತು ಎನ್ನಲು ಚ. ಎರಡರ ಮೂಲ ವ್ಯಂಜನವೂ ಒಂದೇ. ಎರಡರಲ್ಲೂ ಇಂದು ಇರುವುದು ಅಕಾರವೇ. ಹಾಗಿದ್ದರೆ ಒಂದು ಕ, ಇನ್ನೊಂದು ಚ ಹೇಗಾಯಿತು? ಲ್ಯಾಟಿನ್‌ನಲ್ಲಿ ಚ ಎನ್ನುವುದಕ್ಕೆ ಕ್ವೆ. ಅಂದರೆ ಚಕಾರದ ಮುಂದೆ ಒಂದು ಕಾಲಕ್ಕೆ ಎ ಇತ್ತು, ಕಃ ಎನ್ನುವಲ್ಲಿ ಒ ಇತ್ತು. ಎ ತನ್ನ ಕೆಲಸ ಮಾಡಿ, ಕಕಾರವನ್ನು ಚಕಾರ ಮಾಡಿ, ಆಮೇಲೆ ಅಕಾರದಲ್ಲಿ ಕರಗಿಹೋಯಿತು. ಸಂಸ್ಕೃತ ಕಲಿತವರೆಲ್ಲ ಬಾಯಿಪಾಠ ಮಾಡಿದ ಚಕಾರ (ಮಾಡಿದನು) ಎಂಬ ರೂಪದಲ್ಲೂ ಇದೇ ಕಥೆ. ಧಾತುವಿನ ಕಕಾರವನ್ನು ಪದದ ಮೊದಲಿಗೆ ಇನ್ನೊಂದು ಸಲ ಹೇಳುವಾಗ ಅದಕ್ಕೆ ಎ ಸೇರಿತ್ತು, ಹಾಗಾಗಿ ಅದು ಚ ಆಯಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಣ್ಣ ಸ್ಲೇಟಿನಿಂದ ಒರೆಸಿದ ಎಕಾರ ಸಂಸ್ಕೃತದ ಹಿಂದಿನ ತಲೆಮಾರುಗಳಲ್ಲಿ ಇತ್ತು. ಮೊದಲಿಂದಲೂ ಇಲ್ಲದ್ದಲ್ಲ, ನಡುವೆ ಕಳೆದುಹೋದದ್ದು.

ಆದರೆ ಇದುವರೆಗಿನದು ತರ್ಕ. ಗ್ರೀಕನ್ನೂ ಲ್ಯಾಟಿನ್ನನ್ನೂ ಹೋಲಿಸಿ ಲೆಕ್ಕ ಹಾಕಿದ್ದು. ಸಂಸ್ಕೃತದ ಪೂರ್ವಜರ ಬಾಯಿಂದಲೇ ಆ ಎಕಾರವನ್ನು ಯಾರಾದರೂ ಕಿವಿಯಾರೆ ಕೇಳಿದ್ದರೇ? ಕೇಳಿದ್ದರು ಎಂಬುದೇ ಯುರಾಲಿಕ್ ಎರವಲುಗಳು ಹೇಳುವ ಮಾತು. ಆ ಕಾಡಿನ ಜನರ ಬಳಿ ಲಿಪಿ ಇರಲಿಲ್ಲ, ಶಾಸನ ಇರಲಿಲ್ಲ. ಕೇಳಿದ ಪದವನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡು ಮಕ್ಕಳಿಗೆ ಹೇಳಿದರು, ಅಷ್ಟೆ.

ಜೇನುನೊಣಕ್ಕೆ ಎರ್ಜ಼್ಯಾ ಭಾಷೆಯಲ್ಲಿ ಮೆಕ್ಷ್. ಹಂಗೇರಿಯನ್ನಿನಲ್ಲಿ ಮೇ, ಬರೆಯುವಾಗ ಕೊನೆಗೊಂದು ಹಕಾರ ಇರುತ್ತದೆ. ಫಿನ್ನಿಶ್‌ನ ಮೆಹಿಲ್ಯಾಯ್ನೆನ್ ಎಂಬ ಉದ್ದ ಪದದ ತಲೆಯಲ್ಲಿರುವ ಮೆಹಿಯೂ ಅದೇ. ಇವೆಲ್ಲ ಮೆಕ್ಷೆ ಎಂಬ ಒಂದು ಹಳೆಯ ರೂಪದಿಂದ ಬಂದವು. ನಮ್ಮ ಕಡೆಯ ಪದ ಮಕ್ಷಿಕಾ, ಇರಾನಿನ ಹಳೆಯ ಧರ್ಮಗ್ರಂಥ ಅವೆಸ್ತಾದಲ್ಲಿ ಮಖ್ಶೀ. ನಮ್ಮಲ್ಲಿ ಮ, ಅಲ್ಲಿ ಮೆ. ಜೇನುತುಪ್ಪಕ್ಕೂ ಹಾಗೆಯೇ: ಸಂಸ್ಕೃತ ಮಧು, ಫಿನ್ನಿಶ್ ಮೆಸಿ, ಹಂಗೇರಿಯನ್ ಮೇಜ಼್, ಎರ್ಜ಼್ಯಾ ಮೆದ್. ಇವುಗಳ ಮೂಲ ಯುರಾಲಿಕ್ ರೂಪ ಮೆತೆ. (ಅಂಗಡಿಯ ಬಾಟಲಿಯ ಮೇಲೆ ಇಂದು ಹುನಯ ಎಂಬ ಬೇರೆ ಪದ ಇರುತ್ತದೆ, ಮೆಸಿ ಹೂವಿನ ಮಕರಂದಕ್ಕೆ ಸರಿದಿದೆ. ಆದರೆ ಕರಡಿಯ ಹೆಸರು ಎತ್ತಲು ಹೆದರಿ ಹಳೆಯ ಬೇಟೆಗಾರರು ಅದನ್ನು ಮೆಸಿಕ್ಯಾಮ್ಮೆನ್, ಜೇನಂಗೈಯವನು, ಎಂದು ಕರೆಯುತ್ತಿದ್ದರು. ರಾತ್ರಿ ಹೊತ್ತು ಹಾವನ್ನು ಹುಳ ಎನ್ನುವ ನಮ್ಮಜ್ಜಿಗೆ ಇದು ತಕ್ಷಣ ಅರ್ಥವಾಗುತ್ತಿತ್ತು.)

ಮೆತೆಯಲ್ಲಿ ಎರಡು ಸ್ವರಗಳು ಎರಡು ಬೇರೆ ಕೆಲಸ ಮಾಡುತ್ತಿವೆ, ನೋಡಿ. ಮೊದಲ ಎ ಕೇಳಿದ್ದನ್ನು ಹಾಗೇ ಉಳಿಸಿಕೊಂಡದ್ದು. ಎರಡನೇ ಎ ಉಳಿಸಿಕೊಂಡದ್ದಲ್ಲ, ಒಗ್ಗಿಸಿಕೊಂಡದ್ದು. ಮೂಲದಲ್ಲಿ ಅಲ್ಲಿದ್ದದ್ದು ಉ. ಮೂಲ ಯುರಾಲಿಕ್ ಪದದ ಎರಡನೇ ಅಕ್ಷರದಲ್ಲಿ ಎಲ್ಲ ಸ್ವರಗಳಿಗೂ ಜಾಗವಿರಲಿಲ್ಲ. ಮಧುವಿನ ಉಕಾರ ಒಳಗೆ ಬರುವಾಗ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಬಂತು. ಎರವಲು ಪದವನ್ನು ಸಾಕ್ಷಿಗೆ ಕರೆಯುವಾಗ ಯಾವ ಸ್ವರ ನೆನಪು, ಯಾವ ಸ್ವರ ಶಿಷ್ಟಾಚಾರ ಎಂದು ಮೊದಲು ಬೇರ್ಪಡಿಸಬೇಕು. ಇಡೀ ಶಾಸ್ತ್ರದ ಕಷ್ಟವೂ ಸೊಗಸೂ ಇಲ್ಲೇ ಇದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪದ ಕೆಹ್ರ್ಯಾ. ಫಿನ್ನಿಶ್‌ನಲ್ಲಿ ಅದು ನೂಲುವ ಕದಿರಿನ ಬಿಲ್ಲೆ, ಸೂರ್ಯನ ಬಿಂಬಕ್ಕೂ ಅದೇ ಮಾತು. ಫಿನ್ಲೆಂಡಿನ ಯೊರ್ಮಾ ಕೊಯಿವುಲೆಹ್ತೊ ಎಂಬ ವಿದ್ವಾಂಸರು ಇದನ್ನು ಸಂಸ್ಕೃತದ ಚಾತ್ತ್ರ, ಅಂದರೆ ಕದಿರು, ಎಂಬ ಪದದ ಪೂರ್ವಜನಿಂದ ಬಂದ ಎರವಲು ಎಂದು ವಾದಿಸಿದರು. ಅದು ಸರಿಯಾದರೆ ಕೆಹ್ರ್ಯಾದಲ್ಲಿ ಎಕಾರವಷ್ಟೇ ಅಲ್ಲ, ಚಕಾರ ಆಗುವ ಮುಂಚಿನ ಕಕಾರವೂ ಉಳಿದಿದೆ. ತಮಿಳಿನಲ್ಲಿ ಚೆವಿಯಾದದ್ದು ಕನ್ನಡದಲ್ಲಿ ಕಿವಿಯಾಗಿ ಉಳಿದಂತೆ. ಎರವಲು ತೆಗೆದುಕೊಂಡವನ ಮನೆಯಲ್ಲಿ ಕೊಟ್ಟವನ ಹಳೆಯ ಬಾಯಿ!

ಇದು ಫಿನ್ನಿಶ್‌ನ ಗುಣವೇ ಇರಬೇಕು ಎನಿಸುತ್ತದೆ. ರಾಜನಿಗೆ ಕುನಿಂಗಸ್, ಉಂಗುರಕ್ಕೆ ರೆಂಗಸ್. ಎರಡೂ ಹಳೆಯ ಜರ್ಮಾನಿಕ್ ಭಾಷೆಯಿಂದ ಬಂದವು. ಇಂಗ್ಲಿಷಿನವರು ಕಿಂಗ್, ರಿಂಗ್ ಎಂದು ತೇಯ್ದು ಬಿಟ್ಟಿದ್ದಾರೆ. ರೆಂಗಸ್‌ನ ಎ ಅವರಲ್ಲಿ ಇ ಆಗಿ ಎಷ್ಟೋ ಕಾಲವಾಯಿತು. ಫಿನ್ನಿಶ್ ಮಾತ್ರ ಕಡ ತಂದ ಪಾತ್ರೆಯನ್ನು ತೊಳೆದು ಅಟ್ಟದ ಮೇಲೆ ಜೋಪಾನ ಮಾಡಿದೆ.

ಎಕಾರದ ಕಥೆ ಹೀಗೆ ಸಲೀಸಾಯಿತು. ಒಕಾರ ಅಷ್ಟು ಸಲೀಸಲ್ಲ, ವಿದ್ವಾಂಸರು ನೂರು ವರ್ಷಗಳಿಂದ ಜಗಳವಾಡುತ್ತಿರುವುದೂ ಇಲ್ಲೇ.

ಪೊರ್ಸಸ್ ಎಂದರೆ ಹಂದಿಮರಿ. ಲ್ಯಾಟಿನ್‌ನಲ್ಲಿ ಪೊರ್ಕುಸ್. ಭಾರತ ಇರಾನಿ ಕವಲಿನಲ್ಲಿ ಒ ಹೋಗಿ ಅ ಆಗಬೇಕಿತ್ತು. ಆದರೆ ಫಿನ್ನಿಶ್‌ನಲ್ಲಿ ಒ ಇದೆ, ಜೊತೆಗೆ ಕ ಹೋಗಿ ಸ ಆಗಿದೆ. ಕಕಾರ ಸಕಾರದತ್ತ ಜಾರಿದ್ದು ಭಾರತ ಇರಾನಿ ಕಡೆಯ ಗುರುತು. ಹಾಗಿದ್ದರೆ ಪದ ಕೈ ಬದಲಾದಾಗ ವ್ಯಂಜನ ಬದಲಾಗಿತ್ತು, ಒಕಾರ ಇನ್ನೂ ಬದಲಾಗಿರಲಿಲ್ಲ ಎಂದು ಒಂದು ಪಕ್ಷ. ಕೇಳಲು ಚೆನ್ನಾಗಿದೆ. ಆದರೆ ಒರ ಎಂಬ ಪದ ಬಂದು ಎಚ್ಚರಿಸುತ್ತದೆ. ಒರ ಎಂದರೆ ಚುಚ್ಚುವ ಮೊನೆ, ದಬ್ಬಳ. ಸಂಸ್ಕೃತದಲ್ಲಿ ಆರಾ, ಚರ್ಮ ಹೊಲಿಯುವವರ ದಬ್ಬಳ. ಇಲ್ಲಿ ಆ ಇರುವಲ್ಲಿ ಒ ಬಂದಿದೆ. ಆಕಾರದ ಉದ್ದವನ್ನು ಇಡಲು ಮೂಲ ಯುರಾಲಿಕ್‌ನಲ್ಲಿ ದೀರ್ಘ ಸ್ವರಗಳೇ ಇರಲಿಲ್ಲ (ಇಂದಿನ ಫಿನ್ನಿಶ್‌ನ ದೀರ್ಘಗಳು ಆಮೇಲಿನವು). ಕಿವಿಗೆ ಬಿದ್ದ ಗಂಭೀರವಾದ ಆ ಎಂಬ ಸದ್ದಿಗೆ ತಮ್ಮಲ್ಲಿದ್ದ ಒಕಾರವೇ ಹತ್ತಿರ ಎನಿಸಿರಬೇಕು. ಹಾಗಾಗಿ ಫಿನ್ನಿಶ್‌ನಲ್ಲಿ ಒ ಕಂಡ ಕಡೆಯೆಲ್ಲ ಇದು ಹಳೆಯ ಒಕಾರದ ನೆನಪು ಎಂದು ಕುಣಿಯುವಂತಿಲ್ಲ. ಕೆಲವೊಮ್ಮೆ ಅದು ನೆನಪು, ಕೆಲವೊಮ್ಮೆ ಹೊಂದಾಣಿಕೆ.

ಇನ್ನು ಒರ್ಯ. ಈ ಪದವನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಫಿನ್ನಿಶ್‌ನಲ್ಲಿ ಒರ್ಯ ಎಂದರೆ ಗುಲಾಮ. ಬಹಳಷ್ಟು ವಿದ್ವಾಂಸರು ಅದನ್ನು ಆರ್ಯ ಎಂಬ ಹೆಸರಿಗೇ ಸೇರಿಸುತ್ತಾರೆ. ಸಾಮಿ ಭಾಷೆಯಲ್ಲಿ ನೈಋತ್ಯ ದಿಕ್ಕಿಗೆ ಹೇಳುವ ಒಆರ್ಯಿ ಎಂಬ ಪದವನ್ನೂ ಇದರ ಜೊತೆ ಇಡುವವರಿದ್ದಾರೆ. ಸ್ಲಾವ್ ಎಂಬ ಜನಾಂಗದ ಹೆಸರಿನಿಂದ ಇಂಗ್ಲಿಷಿನ ಸ್ಲೇವ್ ಹುಟ್ಟಿದ ಹಾಗೆಯೇ ಇದೂ. ಕಾದಾಟದಲ್ಲಿ ಸೆರೆ ಸಿಕ್ಕ ದಕ್ಷಿಣದವರು ಉತ್ತರದ ಕಾಡಿನಲ್ಲಿ ಆಳುಗಳಾಗಿ ದುಡಿದಿರಬೇಕು. ಆ ಹೆಸರು ಹೊತ್ತು ಇಪ್ಪತ್ತನೇ ಶತಮಾನದಲ್ಲಿ ಯುರೋಪು ಏನೇನು ಮಾಡಿತು, ನಮ್ಮಲ್ಲೂ ಅದರ ಸುತ್ತ ಎಷ್ಟು ವಿಷ ಹರಿದಿದೆ ಎಂದು ಬಲ್ಲವರಿಗೆ ಈ ಪುಟ್ಟ ಪದ ಬಹಳ ಹೇಳುತ್ತದೆ. ತಮ್ಮನ್ನು ಶ್ರೇಷ್ಠರು ಎಂದು ಕರೆದುಕೊಂಡವರ ಹೆಸರು ಪಕ್ಕದ ಊರಿನಲ್ಲಿ ಆಳಿನ ಹೆಸರಾಗಿತ್ತು. ಇಲ್ಲಿಯ ಒಕಾರ ಎಲ್ಲಿಂದ ಬಂತು ಎಂಬುದು ಇಂದಿಗೂ ವಾದದಲ್ಲಿದೆ. ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಸಾಂಪ್ಸಾ ಹೊಲೊಪೈನೆನ್ 2019ರಲ್ಲಿ ಸಲ್ಲಿಸಿದ ಮಹಾಪ್ರಬಂಧ ಇಂಥ ಪದಗಳನ್ನು ಒಂದೊಂದಾಗಿ ಮತ್ತೆ ತೂಗಿ ನೋಡುತ್ತದೆ. ಹಿಂದಿನವರು ಸುಲಭವಾಗಿ ಒಪ್ಪಿದ ಹಲವು ಜೋಡಿಗಳನ್ನು ಪಕ್ಕಕ್ಕಿಡುತ್ತದೆ. ಆ ಶಿಸ್ತು ನನಗೆ ಹಿಡಿಸಿತು.

ಏಕೆಂದರೆ ಸದ್ದು ಹೋಲಿದ ಮಾತ್ರಕ್ಕೆ ಸಂಬಂಧ ಹೇಳುವುದು ನಮ್ಮಲ್ಲಿ ದಿನನಿತ್ಯದ ಚಟವಾಗಿದೆ. ವೋಲ್ಗಾ ಕಡೆ ಮೋಕ್ಷಾ ಎಂಬ ನದಿ ಇದೆ, ಮೋಕ್ಷಾ ಎಂಬ ಜನರಿದ್ದಾರೆ. ನಮ್ಮ ಮೋಕ್ಷಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಅದೇ ಮೋಕ್ಷಾ ಜನರ ಬಾಯಲ್ಲಿರುವ ಪವಜ಼್, ಅವರ ನೆರೆಯ ಎರ್ಜ಼್ಯಾದ ಪಾಜ಼್, ಅಂದರೆ ದೇವರು, ಅದೃಷ್ಟ, ಇದಕ್ಕೆ ನಿಜವಾದ ಸಂಬಂಧವಿದೆ: ಅದು ವೇದದ ಭಗ, ನಮ್ಮ ಭಾಗ್ಯ ಭಗವಂತರ ಭಗ. ಭಕಾರ ಗಕಾರಗಳಿಗೆ ಜಾಗವಿಲ್ಲದ ಬಾಯಲ್ಲಿ ಪ ಬಂದಿದೆ. ಮೇಲ್ನೋಟಕ್ಕೆ ಮೋಕ್ಷವೇ ಹತ್ತಿರ ಕಾಣುತ್ತದೆ, ಪವಜ಼್ ದೂರ. ನಿಯಮ ಹಿಡಿದು ಹೋದರೆ ತಿರುಗುಮುರುಗು.

ನಿಯಮ ಎಂದರೆ ಹೇಗಿರುತ್ತದೆ ಎನ್ನುವುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ನೂರಕ್ಕೆ ಎರ್ಜ಼್ಯಾ ಶದೊ, ಕೋಮಿ ಶೊ, ಉದ್ಮುರ್ತ್ ಶು ಎಂದೆನಲ್ಲ. ಈಗ ವೇದದ ಅಸುರ ಪದ ತೆಗೆದುಕೊಳ್ಳಿ. ಋಗ್ವೇದದ ಹಳೆಯ ಭಾಗಗಳಲ್ಲಿ ಅಸುರ ಎಂದರೆ ರಾಕ್ಷಸನಲ್ಲ, ಒಡೆಯ, ವರುಣನೂ ಅಸುರನೇ. ಎರ್ಜ಼್ಯಾದಲ್ಲಿ ಅಜ಼ೊರೊ ಎಂದರೆ ಯಜಮಾನ. ಕೋಮಿಯಲ್ಲಿ ಒಜ಼ಿರ್, ಉದ್ಮುರ್ತ್‌ನಲ್ಲಿ ಉಜ಼ಿರ್, ಎರಡಕ್ಕೂ ಸಿರಿವಂತ ಎಂದರ್ಥ. ಅಲ್ಲಿ 'ಅ, ಒ, ಉ', ಇಲ್ಲೂ 'ಅ, ಒ, ಉ'. ಒಂದು ಪದದಲ್ಲಿ ಕಂಡ ಸ್ವರಗಳ ಸಾಲು ಇನ್ನೊಂದರಲ್ಲಿ ಅದೇ ಕ್ರಮದಲ್ಲಿ ಬಂದರೆ ಮಾತ್ರ ನಂಬಿಕೆ ಹುಟ್ಟುತ್ತದೆ. ಪುರಾಣಗಳಲ್ಲಿ ಅಸುರರನ್ನು ಸೋಲಿಸುತ್ತಲೇ ಬಂದ ನಮಗೆ, ಆ ಪದದ ಹಳೆಯ ಮರ್ಯಾದೆ ಕಾಮಾ ನದಿಯ ದಡದ ಹಳ್ಳಿಗಳಲ್ಲಿ ಉಳಿದಿದೆ ಎಂಬುದು ಸಣ್ಣ ವಿಷಯವಲ್ಲ.

ಇಷ್ಟು ಹೊತ್ತಿಗೆ ನನ್ನ ಗಮನ ನನ್ನ ಭಾಷೆಯ ಕಡೆ ತಿರುಗಿತ್ತು. ಒಂದು ಭಾನುವಾರ ಗೋಡೆಗೆ ಮೊಳೆ ಹೊಡೆಯಲು ಪಕ್ಕದ ಮನೆಯ ಅಜ್ಜಿಯ ಹತ್ತಿರ ಸುತ್ತಿಗೆ ಕೇಳಿದೆ. ವಸರ ತಂದುಕೊಟ್ಟರು. ವಸರ ಎಂದರೆ ಸುತ್ತಿಗೆ. ಅದು ಇಂದ್ರನ ವಜ್ರ. ಜಕಾರದ ಮೇಲೆ ರಕಾರ ಹತ್ತಿದ ಒತ್ತಕ್ಷರ ಆ ಬಾಯಿಗೆ ಕಷ್ಟ, ನಡುವೆ ಒಂದು ಅ ಹಾಕಿ ಬಿಡಿಸಿಕೊಂಡರು. ಸುತ್ತಿಗೆ ಕೈಯಲ್ಲಿ ಹಿಡಿದು ನಿಂತಾಗ ಅಣ್ಣನ ತದ್ಭವಗಳ ಪಟ್ಟಿ ನೆನಪಾಯಿತು. ವಜ್ರ, ಬಜ್ಜರ. ಹಳಗನ್ನಡವೂ ಅದೇ ಜಾಗದಲ್ಲಿ ಅದೇ ಅಕಾರ ಹಾಕಿತ್ತು! ಬಾಲ್ಟಿಕ್ ಸಮುದ್ರದ ದಡದವರೂ ತುಂಗಭದ್ರೆಯ ದಡದವರೂ ಪರಸ್ಪರ ಹೆಸರೂ ಕೇಳದೆ, ಒಂದೇ ಗಂಟನ್ನು ಒಂದೇ ಬಗೆಯಲ್ಲಿ ಬಿಚ್ಚಿದ್ದರು.

ಆಮೇಲೆ ಹುಡುಕುತ್ತ ಹೋದೆ. ಪದದ ಮೊದಲಲ್ಲಿ ಒತ್ತಕ್ಷರ ಇಬ್ಬರಿಗೂ ಬೇಡ. ಅವರು ಸ್ಟ್ರ್ಯಾಂಡ್ ಎಂಬ ಜರ್ಮಾನಿಕ್ ಪದವನ್ನು ರಂತ ಮಾಡಿದರು, ನಾವು ಸ್ನೇಹವನ್ನು ನೇಹ ಮಾಡಿದೆವು, ಸ್ಥಾನವನ್ನು ತಾಣ ಮಾಡಿದೆವು. ಋಕಾರ ಇಬ್ಬರಿಗೂ ಇಲ್ಲ. ನಾವು ಪ್ರಾಕೃತದ ದಾರಿಯಲ್ಲಿ ಅದನ್ನು ಇಕಾರ ಮಾಡಿ ಮೃಗವನ್ನು ಮಿಗ, ಋಷಿಯನ್ನು ರಿಸಿ ಎಂದೆವು. ಅವರು ಅರ್ ಮಾಡಿದರು. ಮೃತ ಅವರಲ್ಲಿ ಮರ್ರಸ್ ಆಯಿತು. ನವೆಂಬರ್ ತಿಂಗಳಿಗೆ ಫಿನ್ನಿಶ್‌ನಲ್ಲಿ ಮರ್ರಸ್‌ಕೂ, ಸತ್ತ ತಿಂಗಳು. ಮಧ್ಯಾಹ್ನ ನಾಲ್ಕಕ್ಕೆ ಕತ್ತಲಾಗುವ, ಎಲೆಯಿಲ್ಲದ, ಹಿಮವೂ ಇನ್ನೂ ನೆಲದಲ್ಲಿ ನಿಲ್ಲದ ಆ ತಿಂಗಳನ್ನು ಇಲ್ಲಿ ಒಮ್ಮೆ ಕಳೆದವರಿಗೆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇನ್ನು ನಮ್ಮದೇ ಒಂದು ಹೊಂದಾಣಿಕೆ ಇದೆ. ನಾವು ದಿನವೂ ಮಾಡುತ್ತೇವೆ, ಗಮನಿಸುವುದೇ ಇಲ್ಲ. ಮಾಲಾ ಮಾಲೆಯಾಯಿತು, ಶಾಲಾ ಶಾಲೆಯಾಯಿತು, ಭಾಷಾ ಭಾಷೆಯಾಯಿತು, ಸೀತಾ ಸೀತೆಯಾದಳು. ಹದಿಮೂರನೇ ಶತಮಾನದ ಕೇಶಿರಾಜ ಇಂಥ ಬದಲಾವಣೆಗಳಿಗೆ ತನ್ನ ವ್ಯಾಕರಣದಲ್ಲಿ ಒಂದು ಪ್ರಕರಣವನ್ನೇ ಇಟ್ಟ. ಸಂಸ್ಕೃತ ಕಳೆದುಕೊಂಡಿದ್ದ ಹ್ರಸ್ವ ಎಕಾರವನ್ನು ಕನ್ನಡ ಸಂಸ್ಕೃತ ಪದಗಳ ಕೊನೆಗೇ ತಂದು ಕೂರಿಸಿದೆ. ಇದು ಕಳೆದುಹೋದ ಆ ಎಕಾರವಲ್ಲ, ನಮ್ಮ ಹೊಂದಾಣಿಕೆಯ ಎಕಾರ. ಆದರೂ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಸಂಸ್ಕೃತದಲ್ಲಿ ಈಗಿರುವ ಏಕಾರದ ಹುಟ್ಟೂ ಬೇರೆ. ಅದು ಹಳೆಯ ಅಇ ಎಂಬ ಜೋಡಿ ಸ್ವರ ಕೂಡಿಕೊಂಡು ಆದದ್ದು. ಕ್ರಿ.ಪೂ. ಹದಿನಾಲ್ಕನೇ ಶತಮಾನದ ಸುಮಾರಿಗೆ ಇಂದಿನ ಸಿರಿಯಾ ಕಡೆಯ ಮಿತಾನಿ ನಾಡಿನ ಕಿಕ್ಕುಲಿ ಎಂಬ ಕುದುರೆ ಪಳಗಿಸುವವನ ಹೆಸರಿನಲ್ಲಿರುವ ಮಣ್ಣಿನ ಹಲಗೆಗಳಲ್ಲಿ ಒಂದು ಸುತ್ತು ಎನ್ನಲು ಬಳಸಿದ ಪದದಲ್ಲಿ ಏಕ ಇಲ್ಲ, ಐಕ ಇದೆ. ಫಿನ್ನಿಶ್‌ನಲ್ಲಿ ಆಕಾಶಕ್ಕೆ ತೈವಸ್. ಅದು ದೇವ ಪದದ ಹಳೆಯ ರೂಪ ದೈವಸ್ ಇರಬಹುದು, ಬಾಲ್ಟಿಕ್ ಭಾಷೆಗಳ ಮೂಲಕ ಬಂತು ಎನ್ನುವವರೂ ಇದ್ದಾರೆ. ಹಂಗೇರಿಯನ್ನಿನ ತೆಹೇನ್ (ಹಸು) ನಮ್ಮ ಧೇನುವಿನ ಇರಾನಿ ಸೋದರಿ. ಹಂಗೇರಿಯನ್ನಿನಲ್ಲಿ ಸೇತುವೆಗೆ ಹೀದ್, ಅದು ಇರಾನಿ ಭಾಷೆಯಾಡುತ್ತಿದ್ದ, ಕಾಕಸಸ್ ಕಡೆಯ ಅಲನ್ ಜನರಿಂದ ಬಂತು, ಮೂಲ ನಮ್ಮ ಸೇತುವಿನದೇ. ಸಾವಿರಕ್ಕೆ ಎಜ಼ೆರ್. ಇರಾನಿನ ಹಜ಼ಾರ ಅಲ್ಲಿ ಹಕಾರ ಕಳೆದುಕೊಂಡು, ಅಕಾರಗಳನ್ನೆಲ್ಲ ಎಕಾರ ಮಾಡಿಕೊಂಡು ಎಜ಼ೆರ್ ಆಯಿತು. ಸಹಸ್ರ ನಮ್ಮಲ್ಲಿ ಸಾಸಿರವಾಗಿ, ಸಾವಿರವಾಯಿತು. ಬುಡಾಪೆಸ್ಟಿನ ಸಂತೆಯಲ್ಲಿ ಎಜ಼ೆರ್ ಎನ್ನುವವರೂ ದಾವಣಗೆರೆಯ ಸಂತೆಯಲ್ಲಿ ಸಾವಿರ ಎನ್ನುವವರೂ ಒಂದೇ ನಾಣ್ಯವನ್ನು ಬೇರೆ ಬೇರೆ ಟಂಕಸಾಲೆಯಲ್ಲಿ ಮತ್ತೆ ಅಚ್ಚು ಹಾಕಿಸಿಕೊಂಡವರು.

ಎರವಲು ಎಂದರೆ ಬಡತನ ಎಂಬ ಭಾವನೆ ನಮ್ಮ ಭಾಷಾಭಿಮಾನದ ಮಾತುಗಳಲ್ಲಿ ಆಗಾಗ ಇಣುಕುತ್ತದೆ. ಸಂಸ್ಕೃತ ಪದ ಬಂದರೆ ಕನ್ನಡ ಸೋತಿತು ಎಂದು ಒಂದು ಗುಂಪು, ಕನ್ನಡದ್ದೆಲ್ಲ ಸಂಸ್ಕೃತದ ಕೊಡುಗೆ ಎಂದು ಇನ್ನೊಂದು ಗುಂಪು. ಫಿನ್ನಿಶ್ ಪದಕೋಶದ ಮುಂದೆ ಕೂತರೆ ಎರಡೂ ಮಾತು ಪೊಳ್ಳು ಎನಿಸುತ್ತದೆ. ಸತ ಎನ್ನುವುದರಿಂದ ಫಿನ್ನಿಶ್ ಕಿಂಚಿತ್ತೂ ಕಡಿಮೆ ಫಿನ್ನಿಶ್ ಆಗಿಲ್ಲ. ಕೊಟ್ಟವರೇ ಮರೆತ ಸ್ವರವನ್ನು ಪಡೆದವರು ಕಾಪಾಡಿಕೊಂಡಿದ್ದಾರೆ ಎಂದ ಮೇಲೆ ಇಲ್ಲಿ ಸಾಲಗಾರ ಯಾರು, ಸಾಹುಕಾರ ಯಾರು?

ಕಳೆದ ತಿಂಗಳು ಇದನ್ನೆಲ್ಲ ಫೋನಿನಲ್ಲಿ ಅಣ್ಣನಿಗೆ ಹೇಳಿದೆ. ಎಂಬತ್ತು ದಾಟಿದ್ದಾರೆ, ಕಿವಿ ಸ್ವಲ್ಪ ಮಂದವಾಗಿದೆ, ಬುದ್ಧಿ ಮಂದವಾಗಿಲ್ಲ. ಕಃ ಮತ್ತು ಚ ವಿಷಯ ಬಂದಾಗ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಕಿವಿ, ಚೆವಿ... ಹೌದಲ್ಲ" ಎಂದರು. "ನೀವು ಆವತ್ತು ಸ್ಲೇಟಲ್ಲಿ ಒರೆಸಿದ್ರಲ್ಲ ಅಣ್ಣ, ಆ ಎಕಾರ ಇಲ್ಲಿದೆ" ಎಂದೆ. ನಕ್ಕರು. ಪದಗಳನ್ನು ಬರೆದು ಕಳಿಸು, ನಿಧಾನಕ್ಕೆ ನೋಡುತ್ತೇನೆ ಎಂದರು. ಅವಸರದಲ್ಲಿ ಮೊಬೈಲಿನಲ್ಲಿ ಒತ್ತಿ ಕಳಿಸಿದೆ: ಮಧು, ಮೇತೆ, ಮಕ್ಷಿಕಾ, ಮೇಕ್ಷೆ, ಮೃತ, ಮರ್ರಸ್, ವಜ್ರ, ವಸರ.

ಮರುದಿನ ಬೆಳಿಗ್ಗೆ ಉತ್ತರ ಬಂದಿತ್ತು. ಮೊದಲ ಎರಡು ಜೋಡಿಗಳಿಗೆ ಗುರುತು ಹಾಕಿ ಹೀಗೆ ಬರೆದಿದ್ದರು: "ಮೇ ಅಲ್ಲ ಪುಟ್ಟಿ, ಮೆ. ಹ್ರಸ್ವ. ತಿದ್ದಿಕೋ."